ಸ್ಪಷ್ಟನೆ: ದಿನಕ್ಕೆ ಹತ್ತು ಪದ, ವರ್ಷಕ್ಕೆ ಇಂಗ್ಲಿಷ್?

ದಿನಕ್ಕೆ ಹತ್ತು ಪದಗಳ ಅರ್ಥ ಬಾಯಿಪಾಠ ಮಾಡಿದರೆ ವರ್ಷಕ್ಕೆ 3,650 ಪದ, ಇಂಗ್ಲಿಷ್ ಬಂದಂತೆಯೇ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಗುಣಾಕಾರ ಸರಿಯಿದೆ, ಒಂದು ಪದಕ್ಕೆ ಒಂದೇ ಅರ್ಥ ಎಂದುಕೊಂಡದ್ದು ತಪ್ಪು. ಜತೆಗಿರುವ ಪಟ್ಟಿಯಲ್ಲಿ ‘ಸೆಟ್’ ಎಂದರೆ ‘ಗುಂಪು’, ಅಷ್ಟೇ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಪದಕ್ಕೆ ಕೊಟ್ಟಿರುವ ಅರ್ಥಗಳು ಸುಮಾರು 430! ಸೂರ್ಯ ಮುಳುಗಿದರೂ ಸೆಟ್, ಮೊಸರು ಹೆಪ್ಪುಗಟ್ಟಿದರೂ ಸೆಟ್, ಅಲಾರಾಂ ಇಟ್ಟರೂ ಸೆಟ್. (ನಮ್ಮ ಸೆಟ್ ದೋಸೆ ಮಾತ್ರ ಪಟ್ಟಿಯ ಅರ್ಥಕ್ಕೆ ಹೊಂದುತ್ತದೆ.)

ಹಾಗೆಂದು ಪಟ್ಟಿಯನ್ನು ಹರಿದೆಸೆಯಬೇಕಿಲ್ಲ. ಹಣ್ಣು, ಪಕ್ಷಿ, ಕಾಯಿಲೆಗಳ ಹೆಸರಿಗೆ ಅದು ಸಾಕು. ಉಳಿದವುಗಳಿಗೆ ಅರ್ಥದ ಪಕ್ಕದಲ್ಲೇ ಪದ ಬಂದ ವಾಕ್ಯವನ್ನೂ ಬರೆದುಕೊಳ್ಳಿ. ‘ಡು’, ‘ಮೇಕ್’ ಎರಡಕ್ಕೂ ‘ಮಾಡು’ ಎಂದಷ್ಟೇ ಕಲಿತವರಿಗೆ, ಹೋಮ್‌ವರ್ಕ್ ಜತೆ ಯಾವುದು ಬರುತ್ತದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ.