ನಡುದಾರಿಯಿಂದ ಹೊರಟವರ ಪಾಡು

ಅರ್ಧಕ್ಕೆ ನಿಂತ ಮೋಟಾರು ದೋಣಿಯ ದೂರಯಾನವನ್ನು ಪೂರೈಸಲು ಹಿಂದಿರುಗುವ ಎಲ್ಲರಿಗೂ ದೋಣಿ ತಾವು ಬಿಟ್ಟಲ್ಲಿಯೇ ಇದೆ, ಬಿಟ್ಟ ಹಾಗೆಯೇ ಇದೆ ಎಂಬ ನಂಬಿಕೆ ಇರುತ್ತದೆ. ಇದರಲ್ಲಿ ಮೊದಲರ್ಧ ಮಾತ್ರ ನಿಜ. ಕೈಗೆ ಹತ್ತಿದ ಡೀಸೆಲ್ ವಾಸನೆ ಎಷ್ಟು ಉಜ್ಜಿದರೂ ಹೋಗಿಲ್ಲವಾದ್ದರಿಂದ, ಕೋಪವೂ ಆರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ತಿಂಗಳುಗಟ್ಟಲೆ ಕಟ್ಟಿಹಾಕಿದ ದೋಣಿ ಸುಮ್ಮನೆ ನಿಂತಿರುತ್ತದೆಂದು ಯಾರೂ ತಿಳಿಯಬಾರದು. ಅರೆತುಂಬಿದ ಟ್ಯಾಂಕಿನೊಳಗೆ ತೇವ ಹನಿಗಟ್ಟಿ, ಆ ನೀರು ಡೀಸೆಲ್ಲಿನ ಅಡಿಗೆ ಇಳಿದು, ಎರಡೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಯಾರ ಅಪ್ಪಣೆಯೂ ಇಲ್ಲದೆ ಸಂಸಾರ ಹೂಡುತ್ತವೆ. ಅವುಗಳ ವಂಶಾಭಿವೃದ್ಧಿಯೆಲ್ಲ ಕಪ್ಪು ಲೋಳೆಯಾಗಿ ಫಿಲ್ಟರಿಗೆ ಬಂದು ಕೂರುತ್ತದೆ. ಬ್ಯಾಟರಿ ತಾನಾಗಿಯೇ ಬರಿದಾಗಿರುತ್ತದೆ. ದೋಣಿಯ ತಳಕ್ಕೆ ಅಂಟಿಕೊಂಡ ಚಿಪ್ಪುಜೀವಿಗಳ ವಿಷಯವನ್ನು ಎತ್ತದಿರುವುದೇ ಒಳ್ಳೆಯದು.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ನನ್ನ ಸಹಯಾತ್ರಿಯ ಕಿವಿ. ಬೆಳಗಿನ ನಮ್ಮ ದಿನಚರಿ ಇಷ್ಟು: ಎಣ್ಣೆಯ ಮಟ್ಟ ನೋಡಿ, ಇಂಜಿನ್ನನ್ನು ತಂಪಾಗಿಡುವ ಕಡಲನೀರಿನ ಕವಾಟ ತೆರೆದು, ಇಂಜಿನ್ ಚಾಲೂ ಮಾಡಿ, ಹಿಂಬದಿಗೆ ಓಡಿ, ಹೊಗೆಕೊಳವೆಯಿಂದ ಆ ನೀರು ಚಿಮ್ಮುತ್ತಿದೆಯೇ ಎಂದು ಬಗ್ಗಿ ನೋಡಬೇಕು. ನಾನು ಹೀಗೆ ಬಗ್ಗಿರುವಾಗಲೇ ಅವರು ತೋರುಬೆರಳನ್ನು ಮೇಲೆತ್ತಿ, ಕಣ್ಣು ಅರೆಮುಚ್ಚಿ, "ಕೇಳಿಸ್ತಾ?" ಎನ್ನುತ್ತಾರೆ. ನನಗೆ ಕೇಳಿಸುವುದು ಇಂಜಿನ್ನು. "ಅದಲ್ಲ, ಅದರ ಹಿಂದೆ ಇನ್ನೊಂದಿದೆ. ಹೋದ ಸಲ ಇದು ಇರಲಿಲ್ಲ." ವೇಗ ತಗ್ಗಿಸಿದರೆ ಆ ಶಬ್ದ ಹೋಗುತ್ತದೆ, ಏರಿಸಿದರೆ ಬರುತ್ತದೆ, ನಾನು ಕಿವಿಗೊಟ್ಟರೆ ಮತ್ತೆ ಹೋಗುತ್ತದೆ. ಇಂಜಿನ್ ಕೋಣೆಯ ಮುಚ್ಚಳ ತೆಗೆದು ಅರ್ಧ ದಿನ ಹುಡುಕಿದ ಒಂದು ಶಬ್ದ, ಕೊನೆಗೆ ಅವರದೇ ಲೈಫ್ ಜಾಕೆಟ್ಟಿಗೆ ಕಟ್ಟಿದ ಸೀಟಿ ಕಂಬಿಗೆ ಬಡಿಯುವ ಸದ್ದಾಗಿತ್ತು. ಅವರಿಗೆ ಅದರಿಂದ ನಾಚಿಕೆಯಾಗಲಿಲ್ಲ. ತಮ್ಮ ಕಿವಿ ಎಷ್ಟು ಚುರುಕೆಂಬುದಕ್ಕೆ ಅದನ್ನೇ ಸಾಕ್ಷಿ ಮಾಡಿಕೊಂಡರು.

ಕಿರಿದಾದ ಕಾಲುವೆಯೊಂದರಲ್ಲಿಯೂ ಹೀಗೆಯೇ ಅವರ ಬೆರಳು ಮೇಲೆದ್ದಿತು. ನಾನು ವೇಗ ತಗ್ಗಿಸಿದೆ. ಅಂಥ ಕಡೆ 20 ಮೀಟರಿಗಿಂತ ಚಿಕ್ಕ ದೋಣಿಗಳು ಆ ಕಾಲುವೆಯೊಳಗಷ್ಟೇ ಸುರಕ್ಷಿತವಾಗಿ ಸಾಗಬಲ್ಲ ಹಡಗುಗಳಿಗೆ ಅಡ್ಡಿಯಾಗಬಾರದೆಂದು 1972ರ ಅಂತರರಾಷ್ಟ್ರೀಯ ಸಂಚಾರ ನಿಯಮಗಳು ಹೇಳುತ್ತವೆ. ಮುಂದಿನವರ ಇರಾದೆ ಅರ್ಥವಾಗದಿದ್ದರೆ ಕನಿಷ್ಠ ಐದು ಚಿಕ್ಕ ಸಿಳ್ಳೆ ಹಾಕಬೇಕೆಂದೂ ಹೇಳುತ್ತವೆ. ನಮ್ಮ ಬೆನ್ನಿಗೆ ಬಂದ ಸರಕು ಹಡಗು, ನಿಯಮಕ್ಕೆ ಕಿಂಚಿತ್ತೂ ಕುಂದಿಲ್ಲದಂತೆ, ಐದು ಬಾರಿ ಭೋರ್ಗರೆಯಿತು. ಲೋಟಗಳು ನಡುಗಿದವು. ಸಹಯಾತ್ರಿ ಬೆರಳನ್ನು ಇಳಿಸದೆ, ಹಿಂದಿರುಗಿಯೂ ನೋಡದೆ, "ಕೇಳಿಸ್ತಾ? ಇದಂತೂ ಹೋದ ಸಲ ಖಂಡಿತ ಇರಲಿಲ್ಲ" ಎಂದರು.

ನಿಂತ ಯಾನವನ್ನು ಮೊದಲಿನಿಂದ ಆರಂಭಿಸುವವರನ್ನು ಕಂಡು ನನಗೆ ಹೊಟ್ಟೆಕಿಚ್ಚು. ಭೂಮಿಯನ್ನು ಸುತ್ತಲು ಹೊರಟ ಅರ್ತ್‌ರೇಸ್ ಎಂಬ ಮೋಟಾರು ದೋಣಿ 2007ರಲ್ಲಿ ಯಾನವನ್ನು ನಡುವೆಯೇ ಕೈಬಿಡಬೇಕಾಯಿತು; 2008ರಲ್ಲಿ ಹೊಸದಾಗಿ ಹೊರಟು 61 ದಿನ ತುಂಬುವ ಮೊದಲೇ ಸುತ್ತು ಮುಗಿಸಿತು. ನಡುವಿನಿಂದ ಹೊರಡುವವರಿಗಾದರೋ ಬೀಳ್ಕೊಡುಗೆಯೂ ಇಲ್ಲ, ಹೊಸತನವೂ ಇಲ್ಲ. ಲಾಗ್ ಬುಕ್ ತೆರೆದರೆ ಹಳೆಯ ಯಾನದ ಕೊನೆಯ ಸಾಲು ನನ್ನದೇ ಅಕ್ಷರದಲ್ಲಿತ್ತು: "ನಾಳೆ ಬೆಳಿಗ್ಗೆ ಬೇಗ ಹೊರಡುವುದು." ಆ ನಾಳೆಯನ್ನು ಅಷ್ಟು ನಿಶ್ಚಿಂತೆಯಿಂದ ಬರೆದವನ ಮೇಲೆ ಸ್ವಲ್ಪ ಹೊತ್ತು ಪ್ರೀತಿ ಹುಟ್ಟಿತು. ಕೆಳಗೆ ಬೇರೆ ಬಣ್ಣದ ಶಾಯಿಯಲ್ಲಿ ಹೊಸ ದಿನಾಂಕ ಬರೆದೆ.

ಮರುದಿನ ಇಂಜಿನ್ನಿನ ಶಾಖದ ಅಲಾರಂ ಕಿವಿ ಹರಿಯುವಂತೆ ಕೂಗಿದಾಗ, ಸಹಯಾತ್ರಿ ಚಹಾ ಕುಡಿಯುತ್ತ, "ಅದು ಬಿಡಿ, ಹೋದ ಸಲವೂ ಇತ್ತು" ಎಂದರು. ಆ ಕಡಲನೀರನ್ನು ಎಳೆಯುವ ಪಂಪಿನೊಳಗೆ ತಿರುಗುವ ಎಸಳುಚಕ್ರ, ಅಂದರೆ ರಬ್ಬರ್ ಇಂಪೆಲ್ಲರ್, ಒಂದೇ ಮಗ್ಗುಲಿಗೆ ಬಾಗಿ ಬಹುಕಾಲ ಕೂತು ಗಡುಸಾಗಿ, ಎಸಳು ಎಸಳಾಗಿ ಮುರಿದು ಕೊಳವೆಗಳೊಳಗೆ ಹಂಚಿಹೋಗಿತ್ತು. ತುಂಡುಗಳನ್ನೆಲ್ಲ ಹೆಕ್ಕಿ ಮೇಜಿನ ಮೇಲೆ ಜೋಡಿಸಿದ್ದೇವೆ. ಒಂದು ಎಸಳು ಇನ್ನೂ ಸಿಕ್ಕಿಲ್ಲ. ಅದು ಸಿಗುವವರೆಗೆ ಹಗ್ಗ ಬಿಚ್ಚುವಂತಿಲ್ಲ.