ಸೊಟ್ಟಗಿದ್ದರೇ ನಡೆಯುವ ಗಡಿಯಾರ

ನಮ್ಮ ಮನೆಯಲ್ಲಿ ಒಂಬತ್ತು ಗಡಿಯಾರಗಳಿವೆ. ಟೈಮ್ ಎಷ್ಟಾಯ್ತು ಅಂತ ಯಾರಾದರೂ ಕೇಳಿದರೆ ನನ್ನ ಹೆಂಡತಿ ಕಿಟಕಿಯಿಂದ ಬಗ್ಗಿ ಎದುರುಮನೆಯವರನ್ನು ಕೇಳುತ್ತಾಳೆ.

ಇದು ಶುರುವಾಗಿದ್ದು ರದ್ದಿ ಪೇಪರಿನಿಂದ. ಒಂದು ಭಾನುವಾರ ಆರು ತಿಂಗಳ ಪೇಪರ್ ಕಟ್ಟಿಕೊಂಡು ಹಳೇ ದಾವಣಗೆರೆಯ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಮುನ್ನೂರ ನಲವತ್ತು ರೂಪಾಯಿ ಆಯ್ತು. ಅದನ್ನು ಎಣಿಸಿಕೊಳ್ಳುವಾಗ ಮೂಲೆಯಲ್ಲಿ, ಒಡೆದ ಕೂಲರ್ ಹಿಂದೆ, ಒಂದು ಮರದ ಗೋಡೆ ಗಡಿಯಾರ ಕಂಡಿತು. ಮೇಲೆ ದುಂಡನೆ ಮುಖ, ಕೆಳಗೆ ಗಾಜಿನ ಪುಟ್ಟ ಬಾಗಿಲು, ಒಳಗೆ ಹಿತ್ತಾಳೆ ಲೋಲಕ. ನಾನು ಓದಿದ ಶಾಲೆಯಲ್ಲಿ ಹೆಡ್ ಮಾಸ್ಟರ್ ತಲೆಯ ಮೇಲೆ ಇಂಥದ್ದೇ ಇತ್ತು.

"ಬ್ರಿಟಿಷರ ಕಾಲದ್ದು ಸಾರ್," ಅಂದ ಅಂಗಡಿಯವನು. ಅವನ ಅಂಗಡಿಯಲ್ಲಿ ತಕ್ಕಡಿ ಒಂದನ್ನು ಬಿಟ್ಟು ಉಳಿದದ್ದೆಲ್ಲಾ ಬ್ರಿಟಿಷರ ಕಾಲದ್ದೇ. ಎರಡು ಸಾವಿರ ಹೇಳಿದ. ನಾನು ಡಯಲ್ ಮೇಲೆ ಬೆರಳಿಟ್ಟೆ. ರೋಮನ್ ಅಂಕಿಯಲ್ಲಿ ನಾಲ್ಕು ಅಂದರೆ ಐದರ ಗುರುತು, ಅದರ ಎಡಕ್ಕೆ ಒಂದು ಗೆರೆ, ಅಲ್ವಾ? ಇಲ್ಲಿ ಸಾಲಾಗಿ ನಾಲ್ಕು ಗೆರೆ ಎಳೆದಿದ್ದರು. "ನಾಲ್ಕೇ ತಪ್ಪು ಬರೆದಿದಾರೆ, ಇದು ಡೂಪ್ಲಿಕೇಟು," ಅಂದೆ. ಪಾಪ, ಇನ್ನೂರು ಇಳಿಸಿದ. ಹಳೇ ಗಡಿಯಾರಗಳಲ್ಲಿ ಬಹುಪಾಲು ಹಾಗೇ ಬರೆದಿರುತ್ತಾರೆ ಅಂತ ಆಮೇಲೆ ಗೊತ್ತಾಯಿತು. ನಾನೇನೂ ವಾಪಸ್ ಹೋಗಿ ಇನ್ನೂರು ಕೊಡಲಿಲ್ಲ.

ಮನೆಗೆ ತಂದು, ದಾರಕ್ಕೆ ಬೀಗ ಕಟ್ಟಿ ತೂಗುಬಿಟ್ಟು, ಒಂದು ಕೂದಲೆಳೆಯೂ ಆಚೀಚೆ ಆಗದ ಹಾಗೆ ಹಾಲ್‌ನಲ್ಲಿ ನೇತುಹಾಕಿದೆ. ಕೀ ಕೊಟ್ಟೆ. ಮೂರು ನಿಮಿಷ ನಡೆದು ನಿಂತಿತು. ಮತ್ತೆ ಲೋಲಕ ತಳ್ಳಿದೆ. ಮತ್ತೆ ಮೂರು ನಿಮಿಷ. ಕೊನೆಗೆ ವಾಚ್ ರಿಪೇರಿ ಸಾಬರನ್ನು ಕರೆದುಕೊಂಡು ಬಂದೆ. ಅವರು ಬಂದವರೇ ಗಡಿಯಾರ ಮುಟ್ಟಲಿಲ್ಲ. ಕಣ್ಣು ಮುಚ್ಚಿ ಕಿವಿ ಕೊಟ್ಟು ನಿಂತರು.

"ಟಿಕ್, ಟಾಕ್, ಟಿಕ್, ಟಾಕ್ ಅಂತ ಸಮನಾಗಿ ಕೇಳಬೇಕು ಸಾರ್. ನಿಮ್ದು ಟಿಕ್‌ಟಾಕ್... ಟಿಕ್‌ಟಾಕ್... ಅಂತ ಕುಂಟುತ್ತೆ," ಅಂದರು. ಆಮೇಲೆ ಒಂದೇ ಬೆರಳಿನಿಂದ ಗಡಿಯಾರದ ಬುಡವನ್ನು ಎಡಕ್ಕೆ ನೂಕುತ್ತಾ ಹೋದರು. ಒಂದು ಕಡೆ ಬಂದಾಗ ಸದ್ದು ಸಮವಾಯಿತು. ಅಲ್ಲಿ ಗೋಡೆಗೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು, "ಇಲ್ಲಿಂದ ಕದಲಿಸಬೇಡಿ," ಅಂದು ಹೋದರು. ಗಡಿಯಾರ ನಡೆಯಿತು. ಆದರೆ ಅದನ್ನು ನೋಡುವವರ ಕತ್ತು ತಾನಾಗಿ ಓರೆಯಾಗುತ್ತಿತ್ತು.

ಅಲ್ಲಿಂದ ನನ್ನ ಕಷ್ಟ ಶುರು. ಊರಲ್ಲಿ ಕರೆಂಟ್ ಕಂಬ ಸೊಟ್ಟಗಿದ್ದರೆ ಯಾರೂ ಕೇಳಲ್ಲ. ಪಕ್ಕದ ಮನೆ ಕಾಂಪೌಂಡ್ ಸೊಟ್ಟಗಿದ್ದರೆ ಸುಮ್ನೆ ದಾಟಿ ಹೋಗ್ತಾರೆ. ಆದರೆ ನಮ್ಮ ಹಾಲ್‌ಗೆ ಕಾಲಿಟ್ಟವರಿಗೆಲ್ಲಾ ಕೈ ತುರಿಸುತ್ತಿತ್ತು. ಕಸ ಗುಡಿಸಲು ಬರುವ ಅಕ್ಕ ಪೊರಕೆ ತುದಿಯಿಂದಲೇ ನೆಟ್ಟಗೆ ಮಾಡುತ್ತಿದ್ದಳು. ಕೇಬಲ್ ಹುಡುಗ ಮಾಡಿದ. ಲಗ್ನಪತ್ರಿಕೆ ಕೊಡಲು ಬಂದವರು ಪತ್ರಿಕೆ ಕೊಡುವ ಮೊದಲು ಗಡಿಯಾರ ಸರಿ ಮಾಡಿ, ಆಮೇಲೆ ಕೂತರು. ಪ್ರತಿ ಸಲವೂ ಅದು ನಿಂತಿತು. ನಾನು "ದಯವಿಟ್ಟು ನೆಟ್ಟಗೆ ಮಾಡಬೇಡಿ" ಅಂತ ಬರೆದು ಕೆಳಗೆ ಚೀಟಿ ಅಂಟಿಸಿದೆ. ನಮ್ಮ ದೊಡ್ಡಪ್ಪನ ಮಗ ಬಂದವನು ಚೀಟಿ ಸ್ವಲ್ಪ ವಾರೆಯಾಗಿದೆ ಅಂತ ಚೀಟಿಯನ್ನೂ ಗಡಿಯಾರವನ್ನೂ ನೆಟ್ಟಗೆ ಮಾಡಿ, ಬೆಣ್ಣೆ ದೋಸೆ ತಿಂದು ಹೋದ.

ಎಲ್ಲರಿಗಿಂತ ಕಷ್ಟವಾಗಿದ್ದು ಅತ್ತೆಯದು. ಅವರಿಗೆ ಸೊಟ್ಟಗಿರುವುದನ್ನು ನೋಡಿದರೆ ಆಗುವುದಿಲ್ಲ, ನಿಂತ ಗಡಿಯಾರ ಮನೆಗೆ ಒಳ್ಳೇದಲ್ಲ ಅಂತಲೂ ನಂಬಿಕೆ. ಅವರೇ ನೆಟ್ಟಗೆ ಮಾಡುವರು, ಅದು ನಿಂತ ಮೇಲೆ ಅವರೇ ನನ್ನನ್ನು ಬೈಯುವರು.

ಇಷ್ಟಾದ ಮೇಲೆ ಬುದ್ಧಿ ಇರುವವರು ನಿಲ್ಲಿಸುತ್ತಾರೆ. ನಾನು ಎರಡನೆಯದು ತಂದೆ. ಆಮೇಲೆ ಮೂರು, ನಾಲ್ಕು. ಸೊಟ್ಟ ಗಡಿಯಾರ ಒಂದೇ ಇದ್ದರೆ ಎದ್ದು ಕಾಣುತ್ತೆ, ಸುತ್ತ ನಾಲ್ಕಿದ್ದರೆ ಅಲಂಕಾರ ಅನ್ನಿಸುತ್ತೆ ಅನ್ನುವುದು ನನ್ನ ಲೆಕ್ಕ. ಒಂದರ ಮೊಳೆ ಹೊಡೆಯುವಾಗ ಗೋಡೆಯೊಳಗಿನ ವೈರ್ ಸಿಕ್ಕಿ ಇಡೀ ಮನೆ ಕತ್ತಲಾಯಿತು. ಇನ್ನೊಂದು ಕಿರುಗುಟ್ಟುತ್ತೆ ಅಂತ ಕೊಬ್ಬರಿ ಎಣ್ಣೆ ಬಿಟ್ಟೆ. ತಿಂಗಳಲ್ಲಿ ಧೂಳೆಲ್ಲಾ ಮೆತ್ತಿಕೊಂಡು ಹಲ್ಲಿನ ಚಕ್ರಗಳು ಮಿರ್ಚಿ ಅಂಗಡಿಯ ಬಾಣಲೆ ತಳದ ಹಾಗಾದವು. ಸಾಬರು ಅದನ್ನು ಪೆಟ್ರೋಲಿನಲ್ಲಿ ತೊಳೆಯುತ್ತಾ, "ಎಣ್ಣೆ ಹಚ್ಚೋಕೆ ಇದೇನ್ ತಲೆನಾ ಸಾರ್?" ಅಂದರು.

ಮೂರನೆಯ ಗಡಿಯಾರದಿಂದ ಮಾತ್ರ ಮರ್ಯಾದೆ ಹೋಯಿತು. ಭಾನುವಾರ ಕೀ ಕೊಟ್ಟು ಟೈಮ್ ಸರಿ ಮಾಡಿದರೆ ಶನಿವಾರದ ಹೊತ್ತಿಗೆ ಅದು 26 ನಿಮಿಷ ಹಿಂದೆ ಬಿದ್ದಿರುತ್ತಿತ್ತು. ಅದನ್ನು ನಂಬಿ ಹೊರಟು, ಚಿತ್ರದುರ್ಗದ ಬಸ್ ತಪ್ಪಿ, ನೆಂಟರ ಗೃಹಪ್ರವೇಶಕ್ಕೆ ನಾವು ತಲುಪಿದಾಗ ಮುಹೂರ್ತ ಮುಗಿದು ಎರಡನೇ ಪಂಕ್ತಿ ಕೂತಿತ್ತು. ವಾಪಸ್ ಬರುವಾಗ ಹೆಂಡತಿ ಮಾತಾಡಲಿಲ್ಲ. ನಾನೇ ಶುರು ಮಾಡಿದೆ.

"ನೋಡು, ಈಗಿನ ಟೈಮ್ ಬಂದಿದ್ದೇ 1906ರಲ್ಲಿ. ಅದಕ್ಕೆ ಮೊದಲು ಒಂದೊಂದು ಊರಿಗೆ ಒಂದೊಂದು ಟೈಮ್ ಇತ್ತು. ಈಗ ಇಡೀ ದೇಶದ ಗಡಿಯಾರ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು. ದಾವಣಗೆರೆ ಇರೋದು ಸುಮಾರು ಎಪ್ಪತ್ತಾರರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷ. ಆರೂವರೆ ನಾಲ್ಕಲೆ ಎಷ್ಟು? ಇಪ್ಪತ್ತಾರು! ಅಂದ್ರೆ ನಮ್ಮ ಗಡಿಯಾರ ಲೇಟಿಲ್ಲ. ಅಪ್ಪಟ ದಾವಣಗೆರೆ ಟೈಮ್ ತೋರಿಸ್ತಿದೆ. ದೇಶನೇ ಫಾಸ್ಟ್ ಇದೆ."

ಅವಳು ಕಿಟಕಿಯಾಚೆ ನೋಡುತ್ತಲೇ, "ಹಂಗಾದ್ರೆ ಮುಂದಿನ ಸಲ 1905ರ ಬಸ್ ಹತ್ತೋಣ ಬಿಡ್ರಿ," ಅಂದಳು.

ಕಾರಣ ಏನೂ ದೊಡ್ಡದಲ್ಲ. ಕಾಲು ಮೀಟರಿನ ಲೋಲಕ ಒಂದೂವರೆ ಮಿಲಿಮೀಟರ್ ಉದ್ದವಾದರೆ ಸಾಕು, ದಿನಕ್ಕೆ ನಾಲ್ಕು ನಿಮಿಷ ಸೋಲುತ್ತೆ. ಗುಂಡಿನ ಕೆಳಗಿರುವ ತಿರುಪನ್ನು ಸ್ವಲ್ಪ ತಿರುಗಿಸಿ ಗುಂಡನ್ನು ಮೇಲೆತ್ತಿದೆ, ಸರಿಹೋಯಿತು. ಆದರೆ ತಿರುಗಿಸಿದ ಉತ್ಸಾಹದಲ್ಲಿ ಇನ್ನೊಂದು ತಪ್ಪು ಮಾಡಿದೆ. ಮುಳ್ಳನ್ನು ಗಂಟೆ ಹೊಡೆದು ಮುಗಿಸಲು ಬಿಡದೆ ಗಬಗಬ ಮುಂದಕ್ಕೆ ತಿರುಗಿಸಿಬಿಟ್ಟೆ. ಈ ಜಾತಿಯ ಗಡಿಯಾರದಲ್ಲಿ ಗಂಟೆ ಹೊಡೆಯುವ ಚಕ್ರ ಬೇರೆ. ಮುಳ್ಳು ಎಲ್ಲಿದೆ ಅಂತ ಅದು ನೋಡುವುದೇ ಇಲ್ಲ. ಹೋದ ಸಲ ನಾಲ್ಕು ಹೊಡೆದಿದ್ದೆ, ಈಗ ಐದು. ಅಷ್ಟೇ ಅದರ ಲೆಕ್ಕ. ದಿನಕ್ಕೆ ಒಟ್ಟು 156 ಸಲ ಬಡಿಯುತ್ತೆ. ಅವತ್ತು 156ಕ್ಕೆ ಏನೂ ಮೋಸ ಆಗಲಿಲ್ಲ, ಯಾವಾಗ ಎಷ್ಟು ಅನ್ನುವುದು ಮಾತ್ರ ಬದಲಾಯಿತು.

ರಾತ್ರಿ ಎರಡಕ್ಕೆ ಅದು ಐದು ಹೊಡೆಯಿತು. ಅತ್ತೆ ಎದ್ದರು. ಸ್ನಾನ ಮಾಡಿದರು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟರು. ಹಾಲಿನವನು ಬರಲಿಲ್ಲ ಅಂತ ಗೇಟ್ ತೆಗೆದು ರಸ್ತೆಯಲ್ಲಿ ನಿಂತರು. ಬೀದಿ ನಾಯಿಗಳು ಒಂದೇ ಸಮ ಬೊಗಳಿದವು. ಎದುರುಮನೆಯ ಲೈಟ್ ಹತ್ತಿತು, ನನ್ನ ಮೊಬೈಲ್ ಬಡಿದುಕೊಂಡಿತು. "ಸಾರ್, ನಿಮ್ಮನೇಲಿ ಯಾರಿಗಾದ್ರೂ ಹುಷಾರಿಲ್ವಾ? ಗಾಡಿ ತೆಗೀಲಾ?"

ಅವತ್ತಿನಿಂದ ಗಂಟೆ ಹೊಡೆಯುವುದಕ್ಕೆ ಮಾತ್ರ ನಾನು ಕೀ ಕೊಡುವುದಿಲ್ಲ.

ಕಳೆದ ತಿಂಗಳು ಸುಣ್ಣಬಣ್ಣ ಮಾಡಿಸಿದೆವು. ಪೇಂಟರ್ ಆ ಪೆನ್ಸಿಲ್ ಗೆರೆಯ ಮೇಲೂ ಬಣ್ಣ ಬಳಿದ. ನಾನು ಮೊದಲನೇ ಗಡಿಯಾರವನ್ನು ಟವೆಲಿನಲ್ಲಿ ಸುತ್ತಿಕೊಂಡು ಸಾಬರ ಬಳಿ ಓಡಿದೆ. ಅವರು ಹಿಂಬದಿಯ ಫಲಕ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಲೋಲಕವನ್ನು ತಳ್ಳುವ ಸಣ್ಣ ತಂತಿಯೊಂದನ್ನು ಚಿಮಟದಿಂದ ಭತ್ತದ ಕಾಳಿನಷ್ಟು ಬಗ್ಗಿಸಿದರು. "ಇನ್ನು ನೆಟ್ಟಗೆ ಹಾಕಿ. ನಡೀತದೆ."

"ಅಷ್ಟೇನಾ? ಎರಡು ವರ್ಷದಿಂದ ಸೊಟ್ಟಗೆ ಹಾಕಿದೀನಲ್ಲ ಸಾಬ್ರೆ!"

"ನೀವು ಕೇಳ್ಲಿಲ್ವಲ್ಲ ಸಾರ್. ನಿಮ್ಮನೆ ಗೋಡೆನೇ ಸೊಟ್ಟ ಅನ್ಕೊಂಡಿದ್ದೆ."

ಮನೆಗೆ ಬಂದು ಮತ್ತೆ ದಾರಕ್ಕೆ ಬೀಗ ಕಟ್ಟಿ, ಕೂದಲೆಳೆಯಷ್ಟೂ ವಾಲದ ಹಾಗೆ ನೇತುಹಾಕಿದೆ. ಟಿಕ್, ಟಾಕ್, ಟಿಕ್, ಟಾಕ್. ಅರ್ಧ ಗಂಟೆ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದು, ಆಮೇಲೆ ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ಬರುವಷ್ಟರಲ್ಲಿ ಹಾಲ್ ನಿಶ್ಶಬ್ದ. ಅತ್ತೆ ಸ್ಟೂಲಿನಿಂದ ಇಳಿಯುತ್ತಿದ್ದರು.

"ಯಾರೋ ಪುಣ್ಯಾತ್ಮರು ನೆಟ್ಟಗೆ ಮಾಡಿಬಿಟ್ಟಿದ್ರು ನೋಡಿ ಅಳಿಯಂದ್ರೆ," ಅಂದರು. "ಸೊಟ್ಟ ಮಾಡಿದೀನಿ."