ಇನ್ನೊಂದ್ ಹಾಕಪ್ಪ

ಬಜ್ಜಿ ಅಂದರೆ ಸಂಜೆ ಹೊತ್ತು, ಮಳೆ, ಚಹಾ ಅಂತ ಬೆಂಗಳೂರು, ಮೈಸೂರು ಕಡೆಯ ಗೆಳೆಯರು ಅಂದುಕೊಂಡಿರುತ್ತಾರೆ. ಕೊಪ್ಪಳಕ್ಕೆ ಬಂದರೆ ಅವರಿಗೆ ಗಾಬರಿ. ಇಲ್ಲಿ ಬೆಳಗ್ಗೆ ಏಳಕ್ಕೇ ಬಾಣಲೆಯಲ್ಲಿ ಎಣ್ಣೆ ಕಾದಿರುತ್ತದೆ. ಒಂದು ಪ್ಲೇಟ್ ಒಗ್ಗರಣಿ, ಅಂದರೆ ನೆನೆಸಿ ಹಿಂಡಿದ ಮಂಡಕ್ಕಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ ಮೇಲೆ ಪುಟಾಣಿ ಹಿಟ್ಟು ಉದುರಿಸಿದ್ದು. ಅದರ ಮಗ್ಗುಲಲ್ಲಿ ಎರಡು ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ಇದು ನಮ್ಮ ನಾಷ್ಟಾ. ಗಂಗಾವತಿ, ಹೊಸಪೇಟೆ, ಬಳ್ಳಾರಿ, ಸಿಂಧನೂರು, ಎಲ್ಲಿ ಹೋದರೂ ಇದೇ ಕಥೆ. ಖಾಲಿ ಹೊಟ್ಟೆಗೆ ಇದನ್ನ ಹೇಗೆ ತಿಂತೀರಿ ಅಂತ ಅವರು ಕೇಳುತ್ತಾರೆ. ತಿಂದರೆ ಹೊಟ್ಟೆ ಖಾಲಿ ಇರಲ್ವಲ್ಲ ಅಂತ ನಾವು ಹೇಳುತ್ತೇವೆ.

ಮಿರ್ಚಿ ಬಂಡಿ ಮುಂದೆ ನಿಂತವರ ಮುಖ ನೋಡೋದೇ ಒಂದು ಮಜಾ. ಮೊನ್ನೆ ಬಸ್‌ಸ್ಟ್ಯಾಂಡ್ ಹತ್ತಿರ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಹಿರಿಯರೊಬ್ಬರು ಪಕ್ಕದಲ್ಲಿ ನಿಂತಿದ್ದರು. ಮಿರ್ಚಿಯ ತುದಿ ಕಚ್ಚಿದರು. ಏನೂ ಆಗಲಿಲ್ಲ. ಎರಡನೇ ತುತ್ತಿಗೆ ಹಲ್ಲಿನ ಸಂದಿಯಿಂದ ಸ್ಸ್ ಅಂತ ಗಾಳಿ ಎಳೆದುಕೊಂಡರು. ಬೋಳುತಲೆಯ ಮೇಲೆ ಬೆವರಿನ ಹನಿ ಒಂದೊಂದಾಗಿ ಎದ್ದವು. ಮೂಗು ಸೋರಿತು, ಕಣ್ಣು ತುಂಬಿದವು. ಟವೆಲ್ಲಿನಿಂದ ಮುಖವನ್ನೆಲ್ಲ ಒರೆಸಿಕೊಂಡು, ದನಿ ಸರಿಯಾಗಿ ಹೊರಡದಿದ್ದರೂ ಪ್ಲೇಟ್ ಮುಂದೆ ಚಾಚಿದರು.

"ತಮ್ಮಾ, ಇನ್ನೊಂದ್ ಹಾಕಪ್ಪ."

"ಖಾರ ಆತೇನ್ರಿ ಕಾಕಾ?"

"ಏ, ಸಪ್ಪಗದಾವಲೇ!"

ಈ ಕಾಕಾನ ಮೂಗು, ಕಣ್ಣು, ನಾಲಿಗೆ ಎಲ್ಲ ಸೇರಿ ಸಾಕು ಸಾಕು ಅನ್ನುತ್ತಿವೆ. ಆದರೂ ಕೈ ಮುಂದಕ್ಕೆ ಹೋಗುತ್ತದೆ. ಇದೆಂಥ ಹುಚ್ಚು ಅಂತ ತಲೆ ಕೆಡಿಸಿಕೊಂಡ ವಿಜ್ಞಾನಿಗಳು ಬಹಳ ಜನ ಇದ್ದಾರೆ. ಅವರಲ್ಲಿ ಒಬ್ಬರಿಗೆ ನೊಬೆಲ್ ಪ್ರಶಸ್ತಿಯೇ ಬಂತು.

ಡೇವಿಡ್ ಜೂಲಿಯಸ್ ಅಂತ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಅನ್ನೋದು ಮೊದಲೇ ಗೊತ್ತಿತ್ತು. ಅದು ನಮ್ಮ ದೇಹದಲ್ಲಿ ಯಾರ ಕೈ ಹಿಡಿಯುತ್ತದೆ ಅನ್ನೋದು ಗೊತ್ತಿರಲಿಲ್ಲ. ಅವರ ತಂಡ ಏನು ಮಾಡಿತು ಅಂದರೆ, ನೋವು ತಿಳಿಯುವ ನರಕೋಶಗಳ ಜೀನ್‌ಗಳನ್ನು ತಂದು, ಖಾರ ಅಂದರೇನು ಅಂತ ಗೊತ್ತೇ ಇಲ್ಲದ ಕೋಶಗಳಿಗೆ ತುಂಬಿ, ಯಾವುದು ಕ್ಯಾಪ್ಸೈಸಿನ್‌ಗೆ ಮಿಸುಕುತ್ತದೆ ಅಂತ ಕಾದು ಕೂತಿತು. 1997ರಲ್ಲಿ ಸಿಕ್ಕಿತು. ಆ ಜೀನ್ ಮಾಡುವ ಪ್ರೋಟೀನ್‌ಗೆ ಈಗ ಟಿಆರ್‌ಪಿವಿ1 ಅನ್ನುತ್ತಾರೆ, ನರಕೋಶದ ಮೇಲಿನ ಒಂದು ಪುಟ್ಟ ಬಾಗಿಲು ಇದ್ದ ಹಾಗೆ. ಹೆಸರು ಬಿಡಿ, ಕೆಲಸ ನೋಡಿ. ಇದು ಖಾರಕ್ಕಾಗಿ ಇರೋದೇ ಅಲ್ಲ! ಬಿಸಿ ತಾಗಿದರೆ ಮಿದುಳಿಗೆ ಸುದ್ದಿ ಕಳಿಸೋದು ಇದರ ಕೆಲಸ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಇದು ತೆರೆದುಕೊಂಡು ಸುಡ್ತಿದೆ ಅಂತ ಕೂಗುತ್ತದೆ. (ರಾಯಚೂರಿನವರಿಗೆ ಈ 43 ಅನ್ನೋ ಅಂಕಿ ಕೇಳಿ ನಗು ಬರಬಹುದು. ಮೇ ತಿಂಗಳಲ್ಲಿ ಅವರು ಹೆಚ್ಚುಕಡಿಮೆ ಅಷ್ಟರಲ್ಲೇ ಓಡಾಡಿಕೊಂಡಿರುತ್ತಾರೆ.)

ಕ್ಯಾಪ್ಸೈಸಿನ್ ಇದೇ ಬಾಗಿಲಿಗೆ ಬಂದು, ಓಣಿಯ ತುಂಟ ಹುಡುಗ ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತುತ್ತದೆ. ಬೆಂಕಿ ಇಲ್ಲ, ಸುಟ್ಟಿಲ್ಲ. ನಾಲಿಗೆಗೆ ಥರ್ಮಾಮೀಟರ್ ಇಟ್ಟು ನೋಡಿದರೂ ಖಾರದಿಂದ ಅದು ಏರುವುದಿಲ್ಲ. ಆದರೆ ಮಿದುಳಿಗೆ ಮುಟ್ಟಿದ ಸುದ್ದಿ ಮಾತ್ರ ಬಾಯಿಗೆ ಬೆಂಕಿ ಬಿದ್ದಿದೆ ಅಂತ. ಪಾಪ, ದೇಹ ಅದನ್ನು ನಂಬಿಕೊಂಡು ತನ್ನಲ್ಲಿರುವ ನೀರನ್ನೆಲ್ಲ ಹೊರಗೆ ತರುತ್ತದೆ. ಹಣೆಗೆ ಬೆವರು, ಕಣ್ಣಿಗೆ ನೀರು, ಮೂಗಿಗೆ ಸಿಂಬಳ, ಬಾಯಿಗೆ ಜೊಲ್ಲು. ಇಲ್ಲದ ಬೆಂಕಿ ಆರಿಸುವುದಕ್ಕೆ ಇಷ್ಟೆಲ್ಲ ಒದ್ದಾಟ. ಖಾರ ಅನ್ನೋದು ರುಚಿಯೇ ಅಲ್ಲ, ನೋವು. ಅದೂ ಸುಳ್ಳು ನೋವು. ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡಾಗ ಆಗೋ ತಂಪೂ ಇದೇ ಜಾತಿಯ ಸುಳ್ಳು. ಆ ತಂಪಿನ ಬಾಗಿಲನ್ನು 2002ರಲ್ಲಿ ಜೂಲಿಯಸ್ ಮತ್ತು ಇನ್ನೊಬ್ಬ ವಿಜ್ಞಾನಿ ಆರ್ಡೆಮ್ ಪಟಪೂಟಿಯನ್ ಬೇರೆ ಬೇರೆಯಾಗಿ ಹುಡುಕಿದರು. ಇಬ್ಬರಿಗೂ ಸೇರಿ 2021ರ ಅಕ್ಟೋಬರ್‌ನಲ್ಲಿ ನೊಬೆಲ್ ಘೋಷಣೆಯಾಯಿತು. ಪಟಪೂಟಿಯನ್ ಅವರ ದೊಡ್ಡ ಕೆಲಸ ಮುಟ್ಟಿದರೆ, ಒತ್ತಿದರೆ ಹೇಗೆ ಗೊತ್ತಾಗುತ್ತದೆ ಅನ್ನೋದು. ಅದು ಬೇರೆ ಕಥೆ.

ಖಾರ ಹತ್ತಿದಾಗ ನಾವು ಮಾಡೋ ಮೊದಲ ಕೆಲಸ ಗಟಗಟ ನೀರು ಕುಡಿಯೋದು, ಅಲ್ವಾ? ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ, ಅದಕ್ಕೆ ಬೇಕಾದ್ದು ಎಣ್ಣೆ, ಕೊಬ್ಬು. ಹಾಲಿನಲ್ಲಿರುವ ಕೇಸಿನ್ ಅನ್ನೋ ಪ್ರೋಟೀನ್ ಅದನ್ನು ಹಿಡಿದುಕೊಂಡು ನಾಲಿಗೆಯಿಂದ ಎಳೆದೊಯ್ಯುತ್ತದೆ. ರೊಟ್ಟಿಗೆ ರಂಜಕ ಹಚ್ಚಿಕೊಂಡು ಪಕ್ಕದಲ್ಲಿ ಗಟ್ಟಿ ಮೊಸರು ಇಟ್ಟುಕೊಳ್ಳುವ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅದೇ ಅಜ್ಜಿಯರು ಬೀಜದಲ್ಲೇ ಖಾರ ಅಂತ ಬೀಜ ಉದುರಿಸಿ ಹಾಕುತ್ತಿದ್ದರು. ಖಾರ ಜಾಸ್ತಿ ಇರೋದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಬರೋದು ಸಹವಾಸ ದೋಷ.

ಇನ್ನು ಮೆಣಸಿನ ಗಿಡ ಈ ಖಾರ ಮಾಡಿಕೊಂಡದ್ದು ನಮ್ಮಂಥವರು ತಿನ್ನಬಾರದು ಅಂತ. ಸಸ್ತನಿಗಳು ಹಲ್ಲಿನಿಂದ ಬೀಜ ಅರೆದು ಹಾಳು ಮಾಡುತ್ತವೆ. ಹಕ್ಕಿಗಳು ನುಂಗಿ, ದೂರ ಹೋಗಿ, ಹಿಕ್ಕೆ ಜೊತೆ ಬೀಜ ಬಿತ್ತುತ್ತವೆ. ಹಕ್ಕಿಗಳಲ್ಲೂ ಆ ಬಾಗಿಲು ಇದೆ, ಆದರೆ ಕ್ಯಾಪ್ಸೈಸಿನ್ ಒತ್ತಿದರೆ ತೆರೆಯುವುದಿಲ್ಲ. ಗಿಳಿ ಹಣ್ಣುಮೆಣಸಿನಕಾಯಿಯನ್ನು ಕಾಲಲ್ಲಿ ಹಿಡಿದುಕೊಂಡು ಆರಾಮಾಗಿ ಸಿಗಿದು ತಿನ್ನೋದು ಇದಕ್ಕೇ. ಅದು ಧೈರ್ಯವಂತ ಗಿಳಿ ಅಲ್ಲ, ಅದಕ್ಕೆ ಖಾರವೇ ಗೊತ್ತಿಲ್ಲ. ಗಿಡದ ಲೆಕ್ಕ ಚೆನ್ನಾಗಿಯೇ ಇತ್ತು. ಈ ಎರಡು ಕಾಲಿನ ಪ್ರಾಣಿ ಒಂದು ಬಂದು, ಸುಟ್ಟರೂ ಬಿಡದೆ, ಕಡಲೆಹಿಟ್ಟಿನಲ್ಲಿ ಅದ್ದಿ ತಿನ್ನುತ್ತದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಇಷ್ಟಾಗಿ ಈ ಬೆಳೆ ನಮ್ಮದೂ ಅಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಹಡಗು ಹತ್ತಿ ಬಂದದ್ದು. ಇಲ್ಲೇ ಪಕ್ಕದ ಹಂಪಿಯಲ್ಲಿ ಆಳಿದ ಕೃಷ್ಣದೇವರಾಯ ಮಿರ್ಚಿ ತಿಂದಿರಲಿಕ್ಕಿಲ್ಲ ಅಂತ ನೆನೆದಾಗೆಲ್ಲ ನನಗೆ ಸ್ವಲ್ಪ ಬೇಜಾರಾಗುತ್ತದೆ.

ಮತ್ತೆ ಕಾಕಾನ ವಿಷಯಕ್ಕೆ ಬರೋಣ. ಸುಳ್ಳು ನೋವು ಸರಿ, ಆದರೆ ನೋವೇ ತಾನೆ? ಅದನ್ನ ಯಾಕೆ ಕೇಳಿ ಹಾಕಿಸಿಕೊಳ್ಳಬೇಕು? ಇದಕ್ಕೆ ನನಗೆ ತುಂಬ ಹಿಡಿಸಿದ ಉತ್ತರ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಪಾಲ್ ರೋಜಿನ್ ಅವರದು. ಅವರು ಮೆಕ್ಸಿಕೋದ ಒಂದು ಹಳ್ಳಿಯಲ್ಲಿ ಕೂತು ಜನ ಮೆಣಸಿನಕಾಯಿ ತಿನ್ನೋದನ್ನ ನೋಡಿದರು. ಅಲ್ಲಿನ ನಾಯಿ, ಹಂದಿಗಳು ದಿನಾ ಖಾರದ ಮುಸುರೆಯನ್ನೇ ತಿಂದು ಬೆಳೆದವು. ಆದರೂ ಅವುಗಳ ಮುಂದೆ ಖಾರದ್ದು ಮತ್ತು ಖಾರ ಇಲ್ಲದ್ದು ಎರಡನ್ನೂ ಇಟ್ಟರೆ ಖಾರವನ್ನೇ ಬೇಕು ಅಂತ ಆರಿಸಿಕೊಳ್ಳುವ ಪ್ರಾಣಿ ಸಿಗುವುದು ಕಷ್ಟ. ಮನುಷ್ಯರ ಮಕ್ಕಳು ಮಾತ್ರ ದೊಡ್ಡವರನ್ನು ನೋಡಿಕೊಂಡು ನಿಧಾನಕ್ಕೆ ಕಲಿಯುತ್ತವೆ. ಯಾರೂ ಬಲವಂತ ಮಾಡುವುದಿಲ್ಲ.

ಇದನ್ನು ಓದಿದಾಗ ನಮ್ಮ ಮನೆಯೇ ಕಣ್ಣಿಗೆ ಬಂತು. ಸಣ್ಣ ಮಕ್ಕಳಿಗೆ ಇಲ್ಲಿ ಮಿರ್ಚಿ ಕೊಡುವ ಒಂದು ಕ್ರಮ ಇದೆ. ಮೊದಲು ಒಳಗಿನ ಮೆಣಸಿನಕಾಯಿಯನ್ನು ತೊಟ್ಟು ಹಿಡಿದು ಎಳೆದು ತಾಯಿ ತಾನು ತಿಂದು, ಮೇಲಿನ ಹಿಟ್ಟಿನ ಕವಚ ಮಾತ್ರ ಮಗುವಿಗೆ. ಅದಕ್ಕೂ ಒಳಮೈಗೆ ಒಂಚೂರು ಖಾರ ಹತ್ತಿರುತ್ತದೆ. ಮಗು ಹಾ ಹಾ ಅಂತ ನಾಲಿಗೆ ಹೊರಗೆ ಚಾಚುತ್ತದೆ, ಸುತ್ತ ಇದ್ದವರು ನಗುತ್ತಾರೆ, ಮಗುವೂ ನಗುತ್ತದೆ. ಅಳಬೇಕೋ ನಗಬೇಕೋ ಅನ್ನೋ ಆ ಅರೆಗಳಿಗೆಯಲ್ಲಿ ಅದು ಸುತ್ತಲಿನ ಮುಖಗಳನ್ನು ನೋಡುತ್ತದೆ ನೋಡಿ, ಪಾಠ ಆಗೋದು ಅಲ್ಲಿಯೇ. ಒಂದೆರಡು ವರ್ಷಕ್ಕೆ ಅದೇ ಮಗು, ನಂಗ ಮೆಣಸಿನಕಾಯಿ ಇರೋದss ಬೇಕು ಅಂತ ಹಟ ಹಿಡಿಯುತ್ತದೆ.

ರೋಜಿನ್ ಇದಕ್ಕೆ ಕೊಡೋ ಕಾರಣ ಬಹಳ ಸರಳ. ದೇಹ ಹೆದರಿದೆ, ಆದರೆ ಹೆದರುವಂಥದ್ದು ಏನೂ ಇಲ್ಲ ಅಂತ ಮನಸ್ಸಿಗೆ ಗೊತ್ತು. ದೇಹವನ್ನು ಹೀಗೆ ಏಮಾರಿಸೋದರಲ್ಲೇ ಸುಖ. ಅಳಿಸೋ ಸಿನಿಮಾಕ್ಕೆ ಟಿಕೆಟ್ ತಗೊಂಡು ಹೋಗಿ ಅಳೋದು, ದೆವ್ವದ ಕಥೆ ಕೇಳಿ ನಡುಗೋದು ಎಲ್ಲ ಇದೇ ಲೆಕ್ಕಕ್ಕೆ ಸೇರುತ್ತವೆ. ಗವಿಮಠದ ಜಾತ್ರೆಯಲ್ಲಿ ಜಾಯಿಂಟ್ ವೀಲ್ ಹತ್ತಿ, ಯಪ್ಪಾ ಸತ್ತೆ ಅಂತ ಚೀರಿ, ಇಳಿದ ಮೇಲೆ ಮತ್ತೆ ಲೈನಿಗೆ ನಿಲ್ಲುವವರನ್ನು ನೋಡಿದವರಿಗೆ ಇದು ಹೊಸದಲ್ಲ. ರೋಜಿನ್ ಇನ್ನೊಂದು ಮಾತು ಕಂಡುಕೊಂಡರು. ಖಾರ ಇಷ್ಟಪಡುವ ಎಷ್ಟೋ ಜನರಿಗೆ ಅತಿ ಇಷ್ಟವಾಗೋ ಮಟ್ಟ ಯಾವುದು ಅಂದರೆ, ಇನ್ನು ಒಂಚೂರು ಏರಿದರೂ ತಡೆಯೋಕಾಗಲ್ಲ ಅನ್ನೋದಕ್ಕಿಂತ ಸ್ವಲ್ಪವೇ ಕೆಳಗಿನದು. ಕಾಕಾ ಸಪ್ಪಗಿದೆ ಅಂದದ್ದು ಜಂಬಕ್ಕಲ್ಲ ಅಂತ ನನಗೀಗ ಅನ್ನಿಸುತ್ತದೆ. ಇಲ್ಲ, ಸ್ವಲ್ಪ ಜಂಬವೂ ಇತ್ತು.

ಅಂದ ಹಾಗೆ ಅದೇ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹದಲ್ಲಿ ಭಕ್ತರಿಗೆ ಮಿರ್ಚಿ ಬಡಿಸುತ್ತಾರೆ. ಸಾವಿರ ಅಲ್ಲ, ಲಕ್ಷಗಟ್ಟಲೆ. ಸಾಲು ಸಾಲು ಒಲೆ, ಹಂಡೆಗಟ್ಟಲೆ ಹಿಟ್ಟು, ಘಾಟಿಗೆ ಕೆಮ್ಮುತ್ತಲೇ ಕೈ ನಿಲ್ಲಿಸದ ಜನ. ಈ ಘಾಟೂ ಅದೇ ಟಿಆರ್‌ಪಿವಿ1 ಮಾಡೋ ಕಿತಾಪತಿ, ಗಂಟಲಲ್ಲಿ, ಮೂಗಿನಲ್ಲಿ ಕೂಡ ಅದು ಇದೆ. ದೇಹದ ಇನ್ನೊಂದು ತುದಿಯಲ್ಲೂ ಇದೆ. ಅದರ ಅನುಭವ ಮರುದಿನ ಬೆಳಗ್ಗೆ ಆಗುತ್ತದೆ, ವಿವರ ಬೇಡ.

ಆರೋಗ್ಯದ ಮಾತು ಬಂದರೆ ನಮ್ಮವರು ಎರಡು ಪಕ್ಷ. ಅಲ್ಸರ್ ಆಗತೈತಿ ಅನ್ನೋರು, ಏನೂ ಆಗಂಗಿಲ್ಲ ಅನ್ನೋರು. ಎರಡನೇ ಪಕ್ಷದವರಿಗೆ ಖುಷಿಯಾಗುವ ಸುದ್ದಿಯೊಂದು 2015ರಲ್ಲಿ ಚೀನಾದಿಂದ ಬಂತು. ಸುಮಾರು 4.87 ಲಕ್ಷ ಜನರನ್ನು ಏಳು ವರ್ಷದಷ್ಟು ಕಾಲ ಗಮನಿಸಿದಾಗ, ವಾರದಲ್ಲಿ ಆರೇಳು ದಿನ ಖಾರ ತಿನ್ನುವವರಲ್ಲಿ ಸಾವಿನ ಅಪಾಯ ವಾರಕ್ಕೊಮ್ಮೆಯೂ ತಿನ್ನದವರಿಗಿಂತ ಶೇ 14ರಷ್ಟು ಕಡಿಮೆ ಕಂಡಿತು. ಆದರೆ ಖಾರದಿಂದಲೇ ಹಾಗಾಯಿತು ಅಂತ ಆ ಅಧ್ಯಯನ ಹೇಳುವುದಿಲ್ಲ, ಎರಡೂ ಜೊತೆಗೆ ಕಂಡವು ಅಷ್ಟೇ. ಮತ್ತೆ ಅದು ಖಾರದ ಅಧ್ಯಯನ, ಬೆಳಗಿನಿಂದ ರಾತ್ರಿವರೆಗೆ ಕಾದು ಕಾದು ಕಪ್ಪಾದ ಎಣ್ಣೆಯದ್ದಲ್ಲ. ಇದನ್ನು ನಾನು ಬಂಡಿ ಮುಂದೆ ಹೇಳಲು ಹೋಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಸುದ್ದಿ ನೋವಿನ ಔಷಧದ್ದು. ಸರ್ಪಸುತ್ತು ಆದವರಿಗೆ ಗೊತ್ತು, ಗುಳ್ಳೆ ಒಣಗಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ಉರಿ ಹೋಗುವುದಿಲ್ಲ, ಅಂಗಿ ತಾಗಿದರೂ ಜೀವ ಹೋದಂತಾಗುತ್ತದೆ. ಅಂಥವರಿಗೆ ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಚರ್ಮಕ್ಕೆ ಅಂಟಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು. ವೈದ್ಯರ ಕಣ್ಗಾವಲಲ್ಲೇ ಹಚ್ಚಬೇಕು. ಬೆಲ್ ಎಷ್ಟು ಹೊತ್ತು ಒತ್ತುತ್ತಾರೆ ಅಂದರೆ ಕೊನೆಗೆ ಆ ನರದ ತುದಿಗಳೇ ಸೋತು ಸುಮ್ಮನಾಗುತ್ತವೆ. ನಿಜವಾದ ನೋವಿನ ಸುದ್ದಿಯೂ ಆಮೇಲೆ ಹೋಗುವುದಿಲ್ಲ. ಸುಳ್ಳು ನೋವಿನಿಂದ ನಿಜ ನೋವಿನ ಬಾಯಿ ಮುಚ್ಚಿಸಿದ ಈ ಐಡಿಯಾ ನೊಬೆಲ್‌ಗಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ.

ಮೆಣಸಿನಕಾಯಿ ಅಷ್ಟಕ್ಕೇ ನಿಲ್ಲಲಿಲ್ಲ, ಆಕಾಶಕ್ಕೂ ಹೋಯಿತು. ಗುರುತ್ವದ ಎಳೆತ ಗೊತ್ತಾಗದ ಕಡೆ ಮೈಯ ದ್ರವ ಕಾಲಿನಿಂದ ತಲೆ ಕಡೆಗೆ ಸರಿಯುತ್ತದೆ. ಮುಖ ಊದುತ್ತದೆ, ನೆಗಡಿ ಆದವರ ಹಾಗೆ ಮೂಗು ಕಟ್ಟುತ್ತದೆ. ಊಟ ಸಪ್ಪೆ ಅಂತ ಎಷ್ಟೋ ಗಗನಯಾತ್ರಿಗಳು ಹೇಳಿದ್ದಾರೆ. ಹಾಗಾಗಿ ಖಾರದ ಸಾಸ್‌ಗೆ ಅಲ್ಲಿ ಭಾರಿ ಬೇಡಿಕೆ. ಮೂಗು ಕೈಕೊಟ್ಟರೂ ನೋವಿನ ನರ ಕೈಕೊಡುವುದಿಲ್ಲವಲ್ಲ! ಜಗತ್ತಿನ ಅತಿ ದುಬಾರಿ ಮನೆಯಲ್ಲಿ ಕೂತವರೂ ಒಂಚೂರು ಖಾರ ಹಾಕ್ರಿ ಅನ್ನುತ್ತಾರೆ ಅಂತ ತಿಳಿದು ನನಗೆ ಅವರ ಮೇಲೆ ಪ್ರೀತಿ ಬಂತು. 2021ರ ಜುಲೈನಲ್ಲಿ ನಾಸಾದವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೆಣಸಿನ ಬೀಜ ಮೊಳಕೆಗೆ ಇಟ್ಟರು. ನ್ಯೂ ಮೆಕ್ಸಿಕೋದ ತಳಿ. ಅಲ್ಲಿ ಜೇನಿಲ್ಲ, ತಾನಾಗಿ ಬೀಸುವ ಗಾಳಿಯಿಲ್ಲ, ಫ್ಯಾನ್ ಹಾಕಿ ಪರಾಗಸ್ಪರ್ಶ ಮಾಡಿಸಬೇಕು. ಅಕ್ಟೋಬರ್ 29ರಂದು ಮೊದಲ ಕೊಯ್ಲು. ಗಮನಿಸಿದಿರಾ, ನೊಬೆಲ್ ಬಂದ ಅದೇ ತಿಂಗಳು! ಗಗನಯಾತ್ರಿ ಮೇಗನ್ ಮೆಕಾರ್ಥರ್ ಆ ಮೆಣಸಿನಕಾಯಿ ಹಾಕಿ ಟ್ಯಾಕೋ ಮಾಡಿಕೊಂಡು ತಿಂದು ಫೋಟೋ ಹಾಕಿದರು.

ಟ್ಯಾಕೋ ಅಂದರೆ ಮೆತ್ತಗಿನ ರೊಟ್ಟಿಯಲ್ಲಿ ಸುತ್ತಿದ್ದು. ಬ್ರೆಡ್ ಆದರೆ ಚೂರು ತೇಲಾಡಿಕೊಂಡು ಕಣ್ಣಿಗೆ, ಯಂತ್ರಕ್ಕೆ ಹೋಗುತ್ತದೆ ಅಂತ ಅಲ್ಲಿ ಮೆತ್ತನೆ ರೊಟ್ಟಿಗೇ ಮರ್ಯಾದೆ. ಈ ಲೆಕ್ಕದಲ್ಲಿ ನಮ್ಮ ಖಡಕ್ ರೊಟ್ಟಿಗೆ ವೀಸಾ ಸಿಗೋದು ಕಷ್ಟ. ಮಂಡಕ್ಕಿಯ ಮಾತಂತೂ ಬೇಡವೇ ಬೇಡ. ಬೀಜಗಳ ವಿಷಯದಲ್ಲಿ ಮಾತ್ರ ನಮ್ಮ ಕಡೆಯವರು ಆಗಲೇ ಖಾತೆ ತೆರೆದಿದ್ದಾರೆ. 2025ರಲ್ಲಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ಅಲ್ಲಿ ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯದ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದು.

ಉಳಿದದ್ದು ಕರಿಯೋ ಪ್ರಶ್ನೆ. ಇದನ್ನೂ ಬಿಟ್ಟಿಲ್ಲ ನೋಡಿ. ಗ್ರೀಸಿನ ಥೆಸಲೋನಿಕಿ ವಿಶ್ವವಿದ್ಯಾಲಯದವರು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ನೆರವಿನಿಂದ, ಕೆಲವು ಸೆಕೆಂಡ್ ತೂಕ ಇಲ್ಲದಂತೆ ಮಾಡುವ ವಿಮಾನದಲ್ಲಿ ಆಲೂಗಡ್ಡೆ ಕರಿದು ನೋಡಿದರು. ಭಾರವಿಲ್ಲದ ಕಡೆ ಗುಳ್ಳೆಗಳು ಮೇಲೆ ಬರದೆ, ಆಲೂಗಡ್ಡೆಗೇ ಅಂಟಿಕೊಂಡು ಒಳಗೆ ಬೇಯದೇ ಉಳಿದೀತು ಅನ್ನೋ ಅನುಮಾನ ಇತ್ತು. ಹಾಗಾಗಲಿಲ್ಲ, ಗುಳ್ಳೆ ಸರಾಗ ಬಿಟ್ಟುಕೊಂಡವು. 2023ರಲ್ಲಿ ಈ ಸುದ್ದಿ ಬಂತು. ಅಂದರೆ ಮೇಲೆ ಮಿರ್ಚಿ ಕರಿಯಲು ತಾತ್ವಿಕವಾಗಿ ಅಡ್ಡಿಯಿಲ್ಲ. ಆದರೆ ಎಣ್ಣೆ ಸಿಡಿದು ತೇಲದಂತೆ ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯೊಳಗೇ ಕರಿಯಬೇಕು. ಬಂಡಿಯ ಹುಡುಗನಿಗೆ ಇದನ್ನು ಹೇಳಿದೆ. ಅವನು ಜಾಲರಿ ಸೌಟಿನಲ್ಲಿ ಮಿರ್ಚಿ ಮಗುಚುತ್ತಾ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ.

"ಮುಚ್ಚಿಟ್ರ ಕೆಂಪಾಗಿದ್ದು ಹೆಂಗ್ ಗೊತ್ತಾಕ್ಕತ್ರೀ ಸರ?"